ತಲೆಮರೆಸಿಕೊಂಡವನ ಬುತ್ತಿ: ಪಲಾಯನದ ಸಿನಿಮಾ ಮತ್ತು ನಮ್ಮ ಮೂರು ತಾಲ್ಲೂಕುಗಳು



ಸೆರೆಯಿಂದ ತಪ್ಪಿಸಿಕೊಂಡವನ ಕಥೆ ಸಿನಿಮಾಕ್ಕೆ ಹೇಳಿ ಮಾಡಿಸಿದಂಥದ್ದು. ಓಟವಿದೆ, ಬೆನ್ನಟ್ಟುವವರಿದ್ದಾರೆ, ಕಾಡಿದೆ, ಹಸಿವಿದೆ, ಕೊನೆಯಲ್ಲಿ ಸಾವೋ ಸೆರೆಯೋ ಕಾದು ಕುಳಿತಿದೆ. ಹಲವು ಭಾಷೆಗಳ ಸಿನಿಮಾ ಈ ಕಥೆಯನ್ನು ಹೇಳಿದೆ, ಇನ್ನೂ ಹೇಳುತ್ತಲೇ ಇದೆ. ಇಂಥ ಸಿನಿಮಾಗಳನ್ನು ನೋಡುವಾಗ ನಾವು ಕೇಳದೆ ಬಿಡುವ ಒಂದು ಪ್ರಶ್ನೆಯನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಕಾಡಿನಲ್ಲಿ ಅಡಗಿದವನು ಆ ರಾತ್ರಿ ಏನು ಉಂಡ? ಅದನ್ನು ಬೇಯಿಸಿದವರು ಯಾರು? ಬೇಯಿಸಿ ಕೊಟ್ಟ ತಪ್ಪಿಗೆ ಮರುದಿನ ಅವರಿಗೆ ಏನಾಯಿತು? ಇದನ್ನು ಕೇಳದ ಚಾರಿತ್ರಿಕ ಸಿನಿಮಾ ಎಷ್ಟೇ ಕುಶಲವಾಗಿದ್ದರೂ ಚರಿತ್ರೆಯ ದೊಡ್ಡ ಪಾಲನ್ನು ಚೌಕಟ್ಟಿನ ಹೊರಗೆ ಬಿಟ್ಟಿರುತ್ತದೆ ಎಂಬುದು ನನ್ನ ವಾದ. ಕೊಳ್ಳೇಗಾಲ, ಹನೂರು, ಯಳಂದೂರಿನ ಜನಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೂ ನಮ್ಮ ಸಿನಿಮಾ ಇದನ್ನು ಇನ್ನೂ ಸರಿಯಾಗಿ ಕೇಳಿಲ್ಲವಾದ್ದರಿಂದ ಹೇಳಲೇಬೇಕಾಗಿದೆ.

ಮೊದಲು ದೂರದ ಒಂದು ನಿದರ್ಶನ. ಅಲೆಕ್ಸಾಂಡರ್ ಪಿಯರ್ಸ್ ಐರ್ಲೆಂಡಿನವನು. ಆರು ಜೊತೆ ಬೂಟು ಕದ್ದ ಅಪರಾಧಕ್ಕೆ 1819ರಲ್ಲಿ ಏಳು ವರ್ಷದ ಗಡೀಪಾರು ಶಿಕ್ಷೆಯಾಗಿ ವ್ಯಾನ್ ಡೀಮನ್ಸ್ ಲ್ಯಾಂಡಿಗೆ, ಅಂದರೆ ಇಂದಿನ ಟಾಸ್ಮೇನಿಯಾಕ್ಕೆ, ರವಾನೆಯಾದ. 1822ರ ಸೆಪ್ಟೆಂಬರಿನಲ್ಲಿ ಅಲ್ಲಿನ ಮಕ್ವಾರಿ ಹಾರ್ಬರ್ ಎಂಬ ಕಠಿಣ ಬಂದೀಖಾನೆಯಿಂದ ಏಳು ಮಂದಿ ಜೊತೆಗಾರರೊಂದಿಗೆ ತಪ್ಪಿಸಿಕೊಂಡ. ಮಳೆಕಾಡಿನಲ್ಲಿ ತಿನ್ನಲು ಏನೂ ಸಿಗಲಿಲ್ಲ. ಕೆಲವು ದಿನಗಳಲ್ಲೇ ಒಬ್ಬನನ್ನು ಕೊಂದು ಉಳಿದವರು ತಿಂದರು. ಇಬ್ಬರು ಹೆದರಿ ಹಿಂದಿರುಗಿದರು. ಒಬ್ಬೊಬ್ಬರಾಗಿ ಕಡಿಮೆಯಾಗುತ್ತ ಬಂದು ಕೊನೆಗೆ ಉಳಿದವನು ಪಿಯರ್ಸ್ ಒಬ್ಬನೇ. ಸಿಕ್ಕಿಬಿದ್ದ ಮೇಲೆ ನಡೆದದ್ದನ್ನು ಇದ್ದಂತೆಯೇ ಹೇಳಿದ. ಜೊತೆಗಾರರನ್ನು ಕಾಪಾಡಲು ಸುಳ್ಳು ಹೇಳುತ್ತಿದ್ದಾನೆಂದು ಬಗೆದು ಅವನನ್ನು ಮತ್ತೆ ಅದೇ ಬಂದೀಖಾನೆಗೆ ಕಳಿಸಿದರು. ಮತ್ತೊಮ್ಮೆ ಓಡಿದ, ಮತ್ತೊಬ್ಬನನ್ನು ಕೊಂದ. 1824ರ ಜುಲೈನಲ್ಲಿ ಹೋಬಾರ್ಟಿನಲ್ಲಿ ಅವನಿಗೆ ಗಲ್ಲಾಯಿತು. ಜೋನಥನ್ ಔಫ್ ಡರ್ ಹೈಡ್ 2009ರಲ್ಲಿ ಈ ವಸ್ತುವಿನ ಮೇಲೆ 'ವ್ಯಾನ್ ಡೀಮನ್ಸ್ ಲ್ಯಾಂಡ್' ಎಂಬ ಸಿನಿಮಾ ಮಾಡಿದರು.

ಆ ಸಿನಿಮಾದ ಬಗ್ಗೆ ನನಗೆ ಗೌರವವಿದೆ. ಕ್ರೌರ್ಯವನ್ನು ಅದು ರಂಜನೆಯಾಗಿ ಮಾರುವುದಿಲ್ಲ. ಹಸಿವು ಮನುಷ್ಯರ ನಡುವಿನ ಮಾತನ್ನು, ನಂಬಿಕೆಯನ್ನು, ಕೊನೆಗೆ ನಿದ್ದೆಯನ್ನೂ ಹೇಗೆ ಕಿತ್ತುಕೊಳ್ಳುತ್ತದೆ ಎಂಬುದನ್ನು ತಾಳ್ಮೆಯಿಂದ ಕಾಣಿಸುತ್ತದೆ. ಪಿಯರ್ಸ್‌ನ ಒಳದನಿಯನ್ನು ಅವನ ತಾಯ್ನುಡಿಯಾದ ಐರಿಷ್‌ನಲ್ಲೇ ಕೇಳಿಸುವ ಧೈರ್ಯವೂ ಅದಕ್ಕಿದೆ. ಆದರೆ ಅದರ ಕಾಡು ಖಾಲಿ. ಟಾಸ್ಮೇನಿಯಾದಲ್ಲಿ ಹತ್ತಾರು ಸಾವಿರ ವರ್ಷಗಳಿಂದ ಮೂಲನಿವಾಸಿಗಳು ಬದುಕುತ್ತಿದ್ದರು. ಬಂದೀಖಾನೆಯಿಂದ ಬಂದವರಿಗೆ ಏನೂ ಸಿಗದ ಸೀಮೆಯಲ್ಲೇ ಅವರು ಉಣ್ಣುತ್ತಿದ್ದರು, ಮಕ್ಕಳನ್ನು ಸಾಕುತ್ತಿದ್ದರು, ಬೆಂಕಿ ಹಾಕಿ ಹುಲ್ಲುಗಾವಲನ್ನು ಕಾಯ್ದುಕೊಳ್ಳುತ್ತಿದ್ದರು. ಹಸಿವಿಗೆ ಕಾರಣ ಕಾಡಿನ ಬಡತನವೊಂದೇ ಆಗಿರಲಿಲ್ಲ. ಕಾಡನ್ನು ಬಲ್ಲವರ ನೆಲವನ್ನು ಅರಿಯದವರ ಸೆರೆಮನೆ ಮಾಡಿದ ವ್ಯವಸ್ಥೆಯೂ ಅದಕ್ಕೆ ಕಾರಣವಾಗಿತ್ತು. ಕಾಡನ್ನು ಖಾಲಿ ಎಂದು ತೋರಿಸಿದಾಗ ಈ ಎರಡನೆಯ ಕಾರಣ ಮರೆಯಾಗುತ್ತದೆ, ಕಥೆ ಎಂಟು ಜನ ಗಂಡಸರ ದುರಂತವಾಗಿ ಕಿರಿದಾಗುತ್ತದೆ.

ನಮ್ಮದೇ ಸಮುದ್ರದ ಇನ್ನೊಂದು ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 1857ರ ದಂಗೆಯ ನಂತರ, 1858ರಲ್ಲಿ, ಅಂಡಮಾನಿನಲ್ಲಿ ಕೈದಿಗಳ ವಸಾಹತು ಶುರುವಾಯಿತು. ಮೊದಲ ವಾರಗಳಲ್ಲೇ ಗುಂಪುಗುಂಪಾಗಿ ಕೈದಿಗಳು ಕಾಡಿಗೆ ಓಡಿದರು, ಬಹುಪಾಲು ಜನ ಸತ್ತರು. ದೂಧನಾಥ ತಿವಾರಿ ಎಂಬ ಸಿಪಾಯಿ ಕೈದಿ ಮಾತ್ರ ಸುಮಾರು ಒಂದು ವರ್ಷ ಬದುಕಿ ಉಳಿದ. ಅವನನ್ನು ಉಳಿಸಿದವರು ಅಂಡಮಾನಿನ ಮೂಲನಿವಾಸಿಗಳು. ಗಾಯ ಮಾಯಿಸಿದರು, ಉಣಿಸಿದರು, ತಮ್ಮ ಹೆಣ್ಣನ್ನು ಕೊಟ್ಟರು. 1859ರಲ್ಲಿ ಅವರು ಬ್ರಿಟಿಷರ ನೆಲೆಯ ಮೇಲೆ ದಾಳಿಗೆ ಸಜ್ಜಾದಾಗ ಅವನೇ ಹಿಂದಿರುಗಿ ಸುದ್ದಿ ಮುಟ್ಟಿಸಿದ, ಕ್ಷಮಾದಾನ ಪಡೆದ. ಉಣಿಸಿದವರು ಬಂದೂಕಿಗೆ ಎದೆಯೊಡ್ಡಿದರು. ತಲೆಮರೆಸಿಕೊಂಡವನ ಬುತ್ತಿಯ ಬೆಲೆಯನ್ನು ಯಾರು ತೆರುತ್ತಾರೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. 1986ರಲ್ಲಿ ಚಾಮರಾಜನಗರದ ಕಡೆಯ ಬೂದಿಪಡಗ ಅರಣ್ಯ ವಸತಿಗೃಹದಲ್ಲಿ ಬಂಧನದಲ್ಲಿದ್ದ ಒಬ್ಬ ದಂತಚೋರ ತಪ್ಪಿಸಿಕೊಂಡ. ಗೋಪಿನಾಥಂನ ವೀರಪ್ಪನ್. ಅವನಿಗೆ ಆಗ ಶಿಕ್ಷೆಯಾಗಿರಲಿಲ್ಲ, ಕಾನೂನಿನ ಮಾತಿನಲ್ಲಿ ಅವನು ಕೈದಿಯಲ್ಲ, ಆರೋಪಿ. ಅಲ್ಲಿಂದ 2004ರ ಅಕ್ಟೋಬರ್ 18ರವರೆಗೆ, ಹದಿನೆಂಟು ವರ್ಷ, ಎರಡು ರಾಜ್ಯಗಳ ಪೊಲೀಸರಿಗೆ ಸಿಗದೆ ಉಳಿದ. ಈ ಉಳಿವನ್ನು ಅವನೊಬ್ಬನ ಚಾಣಾಕ್ಷತನದ ಲೆಕ್ಕಕ್ಕೆ ಬರೆಯುವುದು ಸುಲಭ. ಸಿನಿಮಾಗಳು ಬರೆದೂ ಇವೆ. ಚರಿತ್ರೆಯನ್ನು ಓದುವವರು ಮೊದಲು ಭೂಪಟ ಬಿಚ್ಚಬೇಕು. ಆಗಿನ ಕೊಳ್ಳೇಗಾಲ ತಾಲ್ಲೂಕು, ಹನೂರಿನ ಸೀಮೆಯೂ ಸೇರಿ, 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರಿನೊಳಗಿತ್ತು. ರಾಜ್ಯಗಳ ಮರುವಿಂಗಡಣೆಯಲ್ಲಿ ಗೆರೆ ಬದಲಾಯಿತು, ಕಾಡು ಬದಲಾಗಲಿಲ್ಲ. ಮಹದೇಶ್ವರ ಬೆಟ್ಟದಿಂದ ಪಾಲಾರ್, ಹೊಗೇನಕಲ್, ಸತ್ಯಮಂಗಲ, ತಾಳವಾಡಿಯವರೆಗೆ ಒಂದೇ ಕಾಡು. ಅದರೊಳಗೆ ಸೋಲಿಗರ ಪೋಡುಗಳು, ಲಿಂಗಾಯತರ, ಬೇಡಗಂಪಣರ, ತಮಿಳು ಒಕ್ಕಲಿಗರ, ಮಾರ್ಟಳ್ಳಿ ಕಡೆಯ ಕ್ರೈಸ್ತರ ಊರುಗಳು. ಪೊಲೀಸರಿಗೆ ಗಡಿ ಅಡ್ಡಿ. ಸಂಬಂಧ ಬೆಳೆಸಿದ ಊರಿನವರಿಗೆ ಅದು ಎಂದೂ ಅಡ್ಡಿಯಾಗಿರಲಿಲ್ಲ.

ವೀರಪ್ಪನ್ ಗಂಧದ ಕಳ್ಳನೂ ಆಗಿದ್ದರಿಂದ ಗಂಧದ ಮರದ ಕಾನೂನನ್ನೂ ನೋಡಬೇಕು. ಟಿಪ್ಪು 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದ. ಅರಸೊತ್ತಿಗೆ ಹೋದರೂ ಆ ಒಡೆತನ ಸರ್ಕಾರದ ಕೈಯಲ್ಲೇ ಉಳಿಯಿತು. ರೈತನ ಹೊಲದ ಬದುವಿನಲ್ಲಿ ಹುಟ್ಟಿದ ಗಂಧವೂ ರೈತನದಾಗಿರಲಿಲ್ಲ. 2001ರ ತಿದ್ದುಪಡಿಯ ನಂತರವೇ ಕರ್ನಾಟಕದಲ್ಲಿ ನೆಲದ ಒಡೆಯ ಅದರ ಮರದ ಒಡೆಯನೂ ಆದದ್ದು. ಅಷ್ಟರಲ್ಲಿ ಒಂದು ತಲೆಮಾರು ಕಳ್ಳದಾರಿಯಲ್ಲಿ ಮರ ಕಡಿಯುವ, ಹೊರುವ ಕೂಲಿಗೆ ಹೋಗಿಯಾಗಿತ್ತು. ಕೊಡಲಿ ಹಿಡಿದವರು, ತುಂಡು ಹೊತ್ತವರು ಮಳೆ ಕೈಕೊಟ್ಟ ವರ್ಷ ಬೇರೆ ಕೂಲಿಯಿಲ್ಲದ ಊರಿನವರು. ವೀರಪ್ಪನ್‌ನನ್ನು ಬಲಪಡಿಸಿದ ಸೈನ್ಯ ಎಂದು ಆಮೇಲೆ ಕರೆಸಿಕೊಂಡದ್ದು ಬಹುಮಟ್ಟಿಗೆ ಈ ಕೂಲಿಯಾಳುಗಳೇ.

ಇದನ್ನು ಎಲ್ಲರಿಗಿಂತ ಮೊದಲು ಅರಿತ ಅಧಿಕಾರಿ ಪಿ. ಶ್ರೀನಿವಾಸ್. ವೀರಪ್ಪನ್‌ನನ್ನು ಹಿಂದೆ ಹಿಡಿದಿದ್ದ ಅರಣ್ಯಾಧಿಕಾರಿ. ಅವರು ಗೋಪಿನಾಥಂಗೇ ಹೋಗಿ ಜನರ ನಡುವೆ ನಿಂತರು. ಔಷಧಿ ಒದಗಿಸಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು, ವೀರಪ್ಪನ್ ತಂಡ ಬಿಟ್ಟು ಬಂದವರಿಗೆ ಬದುಕುವ ದಾರಿ ಹುಡುಕಿದರು. ಅವರ ಮಾರ್ಗ ಫಲ ಕೊಡುತ್ತಿತ್ತು, ಜನ ಕಾಡಿನಿಂದ ಹೊರಬರುತ್ತಿದ್ದರು. ಅಡಗಿದವನಿಗೆ ಅತಿ ದೊಡ್ಡ ಅಪಾಯ ಅದೇ. ಶರಣಾಗುತ್ತೇನೆಂದು ನಂಬಿಸಿ ಕರೆಸಿ, 1991ರ ನವೆಂಬರ್ 10ರಂದು ವೀರಪ್ಪನ್ ಶ್ರೀನಿವಾಸರನ್ನು ಕೊಂದ. ಮರಣೋತ್ತರವಾಗಿ ಅವರಿಗೆ ಕೀರ್ತಿಚಕ್ರ ಸಂದಿತು. ಈ ಇಡೀ ಚರಿತ್ರೆಯಲ್ಲಿ ಸಿನಿಮಾಕ್ಕೆ ಅತ್ಯಂತ ಯೋಗ್ಯವಾದ ಜೀವ ಯಾರದು ಎಂದು ಯಾರಾದರೂ ಕೇಳಿದರೆ ನಾನು ಹೇಳುವ ಹೆಸರು ಇದು. ಬಂದೂಕಿಗಿಂತ ಮೊದಲು ಊರಿನ ಒಲೆಯ ಕಡೆ ನೋಡಿದ ಅಧಿಕಾರಿ ಅವರು.

ಅವರ ಸಾವಿನ ನಂತರ ದಾರಿ ಬದಲಾಯಿತು. 1992ರ ಮೇನಲ್ಲಿ ರಾಮಾಪುರ ಠಾಣೆಯ ಮೇಲೆ ದಾಳಿಯಾಗಿ ಐವರು ಪೊಲೀಸರು ಸತ್ತರು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್ಪಿ ಟಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಜೊತೆಗಿದ್ದ ಸಿಬ್ಬಂದಿ ಹೊಂಚಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಮಂದಿ ಸತ್ತರು. ಅವರಲ್ಲಿ ಪೊಲೀಸರೂ ಇದ್ದರು, ಅರಣ್ಯ ಸಿಬ್ಬಂದಿಯೂ ಇದ್ದರು, ಮಾಹಿತಿದಾರರೆಂದು ಜೊತೆಯಲ್ಲಿ ಹೋಗಿದ್ದ ಊರಿನವರೂ ಇದ್ದರು. ಸತ್ತ ಪೇದೆಗಳು, ಗಾರ್ಡುಗಳು ಬಡ ಮನೆಗಳ ಮಕ್ಕಳು. ಅವರ ಹೆಸರುಗಳನ್ನು ಉಚ್ಚರಿಸದೆ ಹಂತಕನ ಮೀಸೆಯನ್ನು ವರ್ಣಿಸುವ ಯಾವ ಕಥನಕ್ಕೂ ನನ್ನ ಒಪ್ಪಿಗೆ ಇಲ್ಲ.

ಕರ್ನಾಟಕ, ತಮಿಳುನಾಡುಗಳ ವಿಶೇಷ ಕಾರ್ಯಪಡೆಗಳು ಕಾಡಿಗೆ ಇಳಿದವು. ಆಗ ಮೂಡಿದ ತರ್ಕ ಸರಳವಾಗಿತ್ತು: ಅಡಗಿದವನಿಗೆ ಅಕ್ಕಿ, ಉಪ್ಪು, ಬೇಳೆ ಊರಿನಿಂದ ಹೋಗುತ್ತದೆ. ಊರನ್ನು ಬಿಗಿ ಹಿಡಿದರೆ ಅವನು ಹಸಿಯುತ್ತಾನೆ. ಯುದ್ಧಶಾಸ್ತ್ರದ ಲೆಕ್ಕದಲ್ಲಿ ಇದು ಸರಿಯಿರಬಹುದು. ಆದರೆ ಬಂದೂಕು ಹಿಡಿದವನು ಹಸಿಯುವುದಕ್ಕೆ ಮೊದಲು ಹಸಿಯುವವರು ಬರಿಗೈಯವರು. ಮನೆಗೆ ಸ್ವಲ್ಪ ಹೆಚ್ಚು ಅಕ್ಕಿ ಕೊಂಡೊಯ್ದವನು ಅನುಮಾನಕ್ಕೆ ಗುರಿ. ದನ ಮೇಯಿಸಲು, ಜೇನು ಕೀಳಲು, ಸೀಗೆ ಅಂಟುವಾಳ ಆರಿಸಲು ಕಾಡಿಗೆ ಹೋದವನು ಎರಡು ಕಡೆಗೂ ಗುರಿ. ತಂಡದ ಕಣ್ಣಿಗೆ ಅವನು ಪೊಲೀಸರ ಇನ್‌ಫಾರ್ಮರ್, ಪೊಲೀಸರ ಕಣ್ಣಿಗೆ ತಂಡದ ಬೆಂಬಲಿಗ. ಇನ್‌ಫಾರ್ಮರ್ ಎಂಬ ಗುಮಾನಿಯ ಮೇಲೆ ತಂಡ ಕೊಂದ ಊರಿನವರು ಕಡಿಮೆಯೇನಲ್ಲ. ನಡುರಾತ್ರಿ ಬಾಗಿಲು ಬಡಿದು ಹಿಟ್ಟು ಕೇಳಿದವನ ಕೈಯಲ್ಲಿ ಬಂದೂಕಿದ್ದರೆ, ಒಲೆ ಹಚ್ಚಿದ ಹೆಂಗಸು ಆ ಕ್ಷಣ ಯಾವ ಪಕ್ಷಕ್ಕೆ ಸೇರಿದವಳು? ಈ ಪ್ರಶ್ನೆಗೆ ಆ ಕಾಲದ ಕಾನೂನಿನಲ್ಲಿ ಉತ್ತರವಿರಲಿಲ್ಲ.

ಆ ಕಾನೂನು ಟಾಡಾ, ಭಯೋತ್ಪಾದನೆ ತಡೆಯ ಕಾಯ್ದೆ. ನೂರಕ್ಕೂ ಹೆಚ್ಚು ಗಂಡಸರು ಹೆಂಗಸರು ಅದರಡಿ ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತರು. 1995ರಲ್ಲಿ ಆ ಕಾನೂನು ತೀರಿಹೋದರೂ ಅದರಡಿ ಹೂಡಿದ್ದ ಮೊಕದ್ದಮೆಗಳು ಮುಗಿಯಲಿಲ್ಲ. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಬಹುಪಾಲು ಜನ ಖುಲಾಸೆಯಾದರು. ಪಾಲಾರ್ ಪ್ರಕರಣದಲ್ಲಿ ನಾಲ್ವರಿಗೆ ಆದ ಜೀವಾವಧಿಯನ್ನು ಸುಪ್ರೀಂ ಕೋರ್ಟ್ 2004ರ ಜನವರಿಯಲ್ಲಿ ಗಲ್ಲಿಗೆ ಏರಿಸಿತು. 2013ರ ಫೆಬ್ರವರಿಯಲ್ಲಿ ಕ್ಷಮಾದಾನದ ಅರ್ಜಿ ತಿರಸ್ಕೃತವಾಯಿತು. 2014ರ ಜನವರಿ 21ರಂದು ಅದೇ ನ್ಯಾಯಾಲಯ ವಿಳಂಬದ ಕಾರಣಕ್ಕೆ ಗಲ್ಲನ್ನು ಮತ್ತೆ ಜೀವಾವಧಿಗೆ ಇಳಿಸಿತು. ವೀರಪ್ಪನ್ ಸತ್ತು ಆಗ ಒಂಬತ್ತು ವರ್ಷ ಕಳೆದಿತ್ತು.

ಜೊತೆಯಲ್ಲೇ ಇನ್ನೊಂದು ದಾಖಲೆ ಬೆಳೆಯಿತು. ಕಾರ್ಯಪಡೆಯ ಶಿಬಿರಗಳಲ್ಲಿ, ಮುಖ್ಯವಾಗಿ ಮಹದೇಶ್ವರ ಬೆಟ್ಟದಲ್ಲಿ ವರ್ಕ್‌ಶಾಪ್ ಎಂದು ಕರೆಯಲಾಗುತ್ತಿದ್ದ ಕಡೆ, ಊರಿನವರಿಗೆ ಚಿತ್ರಹಿಂಸೆ ನಡೆಯಿತೆಂಬ ದೂರುಗಳ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದ ಸಮಿತಿ ನೇಮಿಸಿತು. 2003ರ ಕೊನೆಯಲ್ಲಿ ವರದಿ ಬಂತು. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಈ ಸಂಖ್ಯೆಯನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ಪರಿಹಾರ ಕೊಡುವುದೆಂದರೆ ತಪ್ಪು ನಡೆದಿದೆಯೆಂದು ಪ್ರಭುತ್ವದ ಒಂದು ಅಂಗವೇ ಒಪ್ಪಿಕೊಂಡಂತೆ. ಪೊಲೀಸರ ಬಲಿದಾನ ನಿಜ, ಇದೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಅಡಗಿಸಬೇಕಾಗಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಶಕ್ತಿಯನ್ನೇ ನಾನು ಚಾರಿತ್ರಿಕ ಸಿನಿಮಾದಿಂದ ನಿರೀಕ್ಷಿಸುವುದು.

ಸೋಲಿಗರ ಮಾತನ್ನು ಇಲ್ಲಿಯೇ ಹೇಳಿಬಿಡಬೇಕು, ಯಾಕೆಂದರೆ ಈ ಚರಿತ್ರೆಯಲ್ಲಿ ಅವರನ್ನು ಹಿನ್ನೆಲೆಯ ಮರಗಳಂತೆ ನಡೆಸಿಕೊಳ್ಳುವುದು ರೂಢಿಯಾಗಿದೆ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. ಅವರ ಕಾಡುಬೇಸಾಯ ನಿಂತಿತು, ತರಗುಬೆಂಕಿ ಹಾಕುವ ಪದ್ಧತಿ ಅಪರಾಧವಾಯಿತು, ಬೇಟೆ ನಿಂತಿತು. ಗೆಡ್ಡೆಗೆಣಸು, ಜೇನು, ಸೊಪ್ಪು, ಅಣಬೆಯಿಂದ ವರ್ಷ ದೂಡಬಲ್ಲ ಜನ ರೇಷನ್ನಿನ ಸಾಲಿನಲ್ಲಿ ನಿಂತರು. ಅದರ ಮೇಲೆ ಬಂದದ್ದು ಕಾರ್ಯಪಡೆ ಮತ್ತು ಕಳ್ಳರ ನಡುವಿನ ಸಂಘರ್ಷದ ದಶಕ. ಕಾಡಿನ ಜಾಡು ಬಲ್ಲವರೆಂದು ಎರಡೂ ಕಡೆಯವರು ಅವರನ್ನೇ ದಾರಿ ಕೇಳಿದರು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಒಪ್ಪಿದ್ದು ದೇಶದಲ್ಲಿ ಅದೇ ಮೊದಲು. ತಪ್ಪಿಸಿಕೊಂಡ ಒಬ್ಬನ ಹದಿನೆಂಟು ವರ್ಷಗಳ ಉಳಿವಿಗೆ ಎಷ್ಟೋ ಸಿನಿಮಾ ಬಂದಿದೆ. ಕಾಡಿನಲ್ಲೇ ಇದ್ದು, ಎಲ್ಲಿಗೂ ಓಡದೆ, ಹಕ್ಕುಪತ್ರ ಪಡೆಯುವವರೆಗೆ ಉಳಿದವರ ಬದುಕು ತೆರೆಯ ಮೇಲೆ ಬರುವುದು ಬಾಕಿಯಿದೆ.

ಬಂದ ಸಿನಿಮಾಗಳನ್ನು ನೋಡೋಣ. 1991ರಲ್ಲೇ ದೇವರಾಜ್ ಅಭಿನಯದ 'ವೀರಪ್ಪನ್' ಬಂತು. ನಾಯಕನೆನಿಸಿದವನು ಕಾಡಿನಲ್ಲಿ ಇನ್ನೂ ಕೊಲ್ಲುತ್ತಿದ್ದಾಗಲೇ. 2013ರಲ್ಲಿ ಎ.ಎಂ.ಆರ್. ರಮೇಶ್ ನಿರ್ದೇಶನದ 'ಅಟ್ಟಹಾಸ', ಕಿಶೋರ್ ಮುಖ್ಯ ಪಾತ್ರದಲ್ಲಿ. 2016ರ ಮೊದಲ ದಿನ ರಾಮ್ ಗೋಪಾಲ್ ವರ್ಮಾರ 'ಕಿಲ್ಲಿಂಗ್ ವೀರಪ್ಪನ್', ಶಿವರಾಜ್‌ಕುಮಾರ್ ಪೊಲೀಸ್ ಅಧಿಕಾರಿಯಾಗಿ. ಕಿಶೋರ್ ಅವರ ಅಭಿನಯದಲ್ಲಿ ಸಂಯಮವಿದೆ. ರಮೇಶ್ ಘಟನೆಗಳನ್ನು ಸಾಲಾಗಿ ಇಡಲು ಶ್ರಮಪಟ್ಟಿದ್ದಾರೆ. ವರ್ಮಾ ಬೆನ್ನಟ್ಟುವವರ ಮನಸ್ಸಿನ ಕತ್ತಲೆಯಲ್ಲಿ ಆಸಕ್ತಿ ವಹಿಸಿದ್ದಾರೆ. ಆದರೂ ಇವುಗಳ ಬೆನ್ನೆಲುಬು ಬೇಟೆಯೇ. ಬೇಟೆಯ ವ್ಯಾಕರಣದಲ್ಲಿ ಇಬ್ಬರಿಗೆ ಮಾತ್ರ ಜಾಗ, ಬೇಟೆಗಾರ ಮತ್ತು ಮಿಕ. ಊರು ಬರುವುದು ಬೆದರಿದ ಮುಖಗಳ ಒಂದು ಗುಂಪಾಗಿ, ಒಂದೆರಡು ಕ್ಷಣ. 2023ರಲ್ಲಿ ಸೆಲ್ವಮಣಿ ಸೆಲ್ವರಾಜ್ ಮಾಡಿದ 'ದಿ ಹಂಟ್ ಫಾರ್ ವೀರಪ್ಪನ್' ಸಾಕ್ಷ್ಯಚಿತ್ರ ಸರಣಿ ಪೊಲೀಸರಿಗೂ ಮನೆಯವರಿಗೂ ಊರಿನವರಿಗೂ ಕಿವಿಗೊಡುತ್ತದೆ. ಅದರ ಹೆಸರೂ ಬೇಟೆಯದೇ, ಆದರೆ ಕಿವಿ ಅಗಲವಾಗಿದೆ. ಕಥಾಚಿತ್ರಗಳು ಮಾಡದ ಕೆಲಸವನ್ನು ಅದು ತಕ್ಕಮಟ್ಟಿಗೆ ಮಾಡಿದೆ.

ಬೇಟೆಯ ಹೊರಗೆ ಕಥೆ ಕಟ್ಟುವ ಕಲೆಯನ್ನು ಕಲಿಯಲು ನಮ್ಮ ನಿರ್ದೇಶಕರು ದೂರ ಹೋಗಬೇಕಾಗಿಲ್ಲ. ನಮ್ಮ ಮಹದೇಶ್ವರ ಬೆಟ್ಟದ ಕಂಸಾಳೆಯವರು ಹಾಡುವ ಮಾದೇಶ್ವರನ ಮಹಾಕಾವ್ಯದಲ್ಲಿ ಸಂಕಮ್ಮನ ಸಾಲು ಇದೆ. ಪಿ.ಕೆ. ರಾಜಶೇಖರ ಅವರಂಥ ವಿದ್ವಾಂಸರ ದುಡಿಮೆಯಿಂದ ಅದು ಅಚ್ಚಿನಲ್ಲೂ ಸಿಗುತ್ತದೆ. ಸಂಕಮ್ಮ ಸೋಲಿಗರವಳು. ಗಂಡ ನೀಲಯ್ಯ ಬೇಟೆಗೆ, ಜೇನಿಗೆ ಕಾಡಿಗೆ ಹೊರಡುತ್ತಾನೆ. ಹೊರಡುವ ಮೊದಲು ಹೆಂಡತಿಯ ಮೇಲೆ ಅನುಮಾನಪಟ್ಟು ಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಅವಳನ್ನು ಹಿಂಸಿಸಿ, ಕಟ್ಟಿಹಾಕಿ, ಗುಡಿಸಲಿನಲ್ಲಿ ಕೂಡಿ ಹೋಗುತ್ತಾನೆ. ಸಾಹಸದ ಕಥೆ ಹೇಳುವವನಾದರೆ ಇಲ್ಲಿ ನೀಲಯ್ಯನ ಬೆನ್ನು ಹತ್ತಿ ಕಾಡಿಗೆ ಹೋಗುತ್ತಿದ್ದ. ಆನೆ ಇದೆ, ಹುಲಿ ಇದೆ, ಹೆಜ್ಜೇನಿದೆ. ನಮ್ಮ ಹಾಡುಗಾರ ಹೋಗುವುದಿಲ್ಲ. ಗುಡಿಸಲಿನ ಬಾಗಿಲಲ್ಲೇ ನಿಲ್ಲುತ್ತಾನೆ, ಕಟ್ಟಿಗೆ ಸಿಕ್ಕ ಹೆಣ್ಣಿನ ನೋವನ್ನು ರಾತ್ರಿಯಿಡೀ ಹಾಡುತ್ತಾನೆ. ಮಾದೇಶ್ವರನೂ ಬರುವುದು ಅವಳ ಬಳಿಗೇ. ಕ್ಯಾಮೆರಾ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಗೆ ಈ ಬೆಟ್ಟ ಸಿನಿಮಾ ಹುಟ್ಟುವುದಕ್ಕೆ ಮೊದಲೇ ಉತ್ತರ ಕೊಟ್ಟಿದೆ. ಆ ಉತ್ತರದಲ್ಲಿ ಹೆಣ್ಣನ್ನು ಸುಮ್ಮನೆ ಮರುಕದ ವಸ್ತು ಮಾಡಿಲ್ಲ ಎಂಬುದೂ ಗಮನಾರ್ಹ. ಭಾಷೆ ಕೊಡಲಾರೆ ಎಂದು ನಿಂತವಳು ಅವಳು.

ವೀರಪ್ಪನ್ ತಂಡ ಮಾಡಿದ ಎರಡು ಅಪಹರಣಗಳ ವಿಷಯ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ, ಅವು ಸಾಕಷ್ಟು ಬರೆಯಲ್ಪಟ್ಟಿವೆ. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣವಾಯಿತು, 108 ದಿನಗಳ ನಂತರ ನವೆಂಬರ್ 15ರಂದು ಬಿಡುಗಡೆಯಾಯಿತು. 'ಗಂಧದ ಗುಡಿ'ಯಲ್ಲಿ ಅರಣ್ಯಾಧಿಕಾರಿಯಾಗಿ ಕಾಡುಗಳ್ಳರನ್ನು ಎದುರಿಸಿದ್ದ ನಟನನ್ನು ಗಂಧದ ಕಳ್ಳ ಕಾಡಿಗೆ ಒಯ್ದ. ಆ ದಿನಗಳಲ್ಲಿ ಟಾಡಾ ಬಂದಿಗಳನ್ನು ಬಿಡುವ ಬೇಡಿಕೆಗೆ ಸರ್ಕಾರಗಳು ಬಗ್ಗಿದಾಗ ಸುಪ್ರೀಂ ಕೋರ್ಟಿಗೆ ಹೋದವರು ಮೀಣ್ಯಂನಲ್ಲಿ ಸತ್ತ ಶಕೀಲ್ ಅಹಮದರ ತಂದೆ ಅಬ್ದುಲ್ ಕರೀಂ. ನವೆಂಬರ್ 7ರಂದು ನ್ಯಾಯಾಲಯ ಅವರ ಮಾತನ್ನು ಎತ್ತಿಹಿಡಿಯಿತು. ನಾಡೆಲ್ಲ ಒಂದು ಕಡೆ ಕಣ್ಣೀರಿಡುತ್ತಿದ್ದಾಗ ಮಗನನ್ನು ಕಳೆದುಕೊಂಡ ಮುದುಕ ಒಬ್ಬನೇ ಕಾನೂನಿನ ಬಾಗಿಲಲ್ಲಿ ನಿಂತದ್ದು, ಅದೇ ಹೊತ್ತಿನಲ್ಲಿ ತಪ್ಪು ಮಾಡದ ಅನೇಕರು ಅದೇ ಟಾಡಾದಡಿ ಜೈಲಿನಲ್ಲಿದ್ದದ್ದು, ಇವೆರಡನ್ನೂ ಒಟ್ಟಿಗೆ ತೂಗಬಲ್ಲ ಚಿತ್ರಕಥೆ ಬೇಕು. 2002ರ ಆಗಸ್ಟ್ 25ರಂದು ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಎತ್ತಿಕೊಂಡು ಹೋದರು. ಡಿಸೆಂಬರ್ 8ರಂದು ಅವರ ಶವ ಸಿಕ್ಕಿತು.

ಕೊನೆಗೆ ವೀರಪ್ಪನ್‌ನನ್ನು ಕಾಡಿನಿಂದ ಹೊರಗೆ ತಂದದ್ದು ದೇಹದ ಅಗತ್ಯವೇ. ಕಣ್ಣು ಮಂಜಾಗಿತ್ತು. ಚಿಕಿತ್ಸೆಗೆಂದು ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಬಳಿ ಆಂಬುಲೆನ್ಸ್ ಹತ್ತಿದ. ಆ ವಾಹನ ತಮಿಳುನಾಡು ಕಾರ್ಯಪಡೆಯದು. ಮೂವರು ಸಂಗಡಿಗರೊಂದಿಗೆ ಅಲ್ಲಿ ಸತ್ತ. ಒಂದು ಕಾಲಕ್ಕೆ ದೊಡ್ಡ ತಂಡವನ್ನು ಸಾಕಿದ ಊರುಗಳು ಅಷ್ಟರಲ್ಲಿ ಸೋತು ಬರಿದಾಗಿದ್ದವು. ಬುತ್ತಿಯ ದಾರಿಗಳು ಒಂದೊಂದಾಗಿ ಮುಚ್ಚಿದ್ದವು. ಆ ಮುಚ್ಚುವಿಕೆಯಲ್ಲಿ ಪೊಲೀಸರ ಜಾಣ್ಮೆಯೂ ಇತ್ತು, ಊರಿನವರ ಬೆನ್ನ ಮೇಲಿನ ಬರೆಯೂ ಇತ್ತು.

ಹಾಗಾದರೆ ಬರಬೇಕಾದ ಸಿನಿಮಾ ಎಂಥದ್ದು? ಅದಕ್ಕೆ ಕನ್ನಡ, ತಮಿಳು, ಸೋಲಿಗ ನುಡಿ ಮೂರೂ ಬೇಕು. ಬೆಂಗಳೂರಿನ ಕನ್ನಡವನ್ನು ಗೋಪಿನಾಥಂನ ಬಾಯಿಗೆ ತುರುಕಬಾರದು. ಐರಿಷ್ ಕೇಳಿಸಲು ಹಿಂಜರಿಯದ ಆಸ್ಟ್ರೇಲಿಯಾದ ಆ ಸಣ್ಣ ಸಿನಿಮಾ ನೋಡಿದವರಿಗೆ ಇದು ಅಸಾಧ್ಯವೆನಿಸದು. ಅದಕ್ಕೆ ಠಾಣೆಯ ದಿನಚರಿ ಬೇಕು, ಸದಾಶಿವ ಸಮಿತಿಯ ಮುಂದೆ ಜನ ಕೊಟ್ಟ ಹೇಳಿಕೆಗಳು ಬೇಕು, ಮೈಸೂರಿನ ನ್ಯಾಯಾಲಯದ ಸಾಕ್ಷಿಗಳು ಬೇಕು, ನ್ಯಾಯಬೆಲೆ ಅಂಗಡಿಯ ಲೆಕ್ಕದ ಪುಸ್ತಕವೂ ಬೇಕು. ಎಲ್ಲಕ್ಕಿಂತ ಮೊದಲು ಬೇಕಾದದ್ದು ಆಗ ಪ್ರಾಯದವರಾಗಿದ್ದು ಈಗ ಅರವತ್ತು ಎಪ್ಪತ್ತು ದಾಟಿರುವವರ ಮಾತು. ಒಲೆ ಹಚ್ಚಿದವರದು, ಜೈಲಿಗೆ ಹೋಗಿ ಬಂದವರದು, ರಾಮಾಪುರದ ಆ ರಾತ್ರಿ ಉಳಿದ ಪೇದೆಗಳದು, ಸತ್ತವರ ಹೆಂಡಿರು ಮಕ್ಕಳದು. ನಿರ್ದೇಶಕರು ಬರುವವರೆಗೆ ಕಾಯಬೇಕಾಗಿಲ್ಲ. ಈ ಮೂರು ತಾಲ್ಲೂಕುಗಳ ಕಾಲೇಜುಗಳ ಇತಿಹಾಸ, ಕನ್ನಡ ವಿಭಾಗಗಳು ಒಂದಾಗಿ, ಹೇಳುವವರ ಒಪ್ಪಿಗೆ ಪಡೆದು, ಹೆಸರು ಮರೆಸಬೇಕೆಂದವರ ಹೆಸರು ಮರೆಸಿ, ಅವರವರ ನುಡಿಯಲ್ಲೇ ದನಿಮುದ್ರಿಸಿಕೊಳ್ಳಬಹುದು. ಮುದ್ರಿಕೆಯ ಒಂದು ಪ್ರತಿ ಕಾಲೇಜಿನಲ್ಲಿ, ಇನ್ನೊಂದು ಆಯಾ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಇರಲಿ. ಪೋಡುಗಳಲ್ಲಿ ದನಿಮುದ್ರಿಸುವ ಕೆಲಸಕ್ಕೆ ಸೋಲಿಗರ ಮನೆಗಳಿಂದಲೇ ಓದಿ ಬಂದ ಯುವಕ ಯುವತಿಯರನ್ನು ಮುಂದಿಡಬೇಕು. ಮಳೆಗಾಲ ಮುಗಿದು ಬೆಟ್ಟದ ದಾರಿ ಒಣಗುತ್ತಿದ್ದಂತೆ, ಮಾರ್ಟಳ್ಳಿ ಮತ್ತು ಗೋಪಿನಾಥಂ ಕಡೆಯಿಂದ ಮೊದಲು ಮಾಡಬಹುದು.